ಜಗಳದ ಬೆಂಚು

ಜೂನ್ ೧೫, ಭಾನುವಾರ

ಕೆಳಗಿನ ಮನೆಯವರಿಗೆ,

ಈ ಕಾಗದ ನನ್ನ ಕೈಬರಹದಲ್ಲಿದೆ ಅಂದ ಮಾತ್ರಕ್ಕೆ ನಾನೇ ಮನಸ್ಸು ಮಾಡಿ ಬರೆದೆ ಅಂತ ತಿಳಿಯಬೇಡಿ. ಎರಡು ವರ್ಷ ಒಂದೇ ಮೆಟ್ಟಿಲು ಹತ್ತಿ ಇಳಿದರೂ ನಿಮ್ಮ ಹತ್ತಿರ ಒಂದು ಮಾತಾಡದವಳು, ಸಮುದ್ರ ದಾಟಿ ಬಂದ ಮೇಲೆ ಬರೆಯುತ್ತೇನೆಯೇ? ನನ್ನ ಹಿಂದೆ ಈಗ ಮೂರು ಜನ ಹೆಂಗಸರು ನಿಂತಿದ್ದಾರೆ. ಪೆನ್ನು ನಿಂತರೆ ಸಾಕು, ಬೆನ್ನಿಗೆ ತಿವಿಯುತ್ತಾರೆ. ಸದ್ಯ, ನಮ್ಮ ಅಕ್ಷರ ಅವರಿಗೆ ಓದಲು ಬರುವುದಿಲ್ಲ.

ನಮ್ಮ ಚರ್ಚಿನ ಮಿಷನ್ ತಂಡದ ಜೊತೆ ನಾನು ಇಲ್ಲಿಗೆ ಐದು ತಿಂಗಳ ಹಲ್ಲಿನ ಶಿಬಿರಕ್ಕೆ ಬಂದಿರುವುದು ನಿಮಗೆ ಗೊತ್ತಿದೆ. ಪಾದ್ರಿ ಅಯ್ಯನವರು ಆರಾಧನೆಯಲ್ಲಿ ನನ್ನ ಹೆಸರು ಹೇಳಿದಾಗ ನೀವು ಕ್ವಾಯರಿನ ಸಾಲಿನಲ್ಲಿ ನಿಂತು ಹಾಡಿನ ಪುಸ್ತಕದ ಪುಟ ತಿರುವುತ್ತಿದ್ದಿರಿ. ಇರಲಿ. ವಾರವಿಡೀ ಡಾಕ್ಟರು ಹಲ್ಲು ಕೀಳುತ್ತಾರೆ, ನಾನು ಬಾಯಿಗೆ ಹತ್ತಿ ತುರುಕುತ್ತೇನೆ. ಹಾಗೆ ಹಲ್ಲು ಕೀಳಿಸಿಕೊಂಡವರೇ ಇವತ್ತು ನಮ್ಮನ್ನು ಅವರ ಚರ್ಚಿಗೆ ಕರೆದರು. ಸೇಡು ತೀರಿಸಿಕೊಂಡರು ಅಂತಲೇ ಹೇಳಬೇಕು.

ಚರ್ಚು ಅಂದರೆ ನಮ್ಮ ಚರ್ಚಿನ ಹಾಗಲ್ಲ. ನಮ್ಮಲ್ಲಿ ಕೆಮ್ಮು ಬಂದರೂ ಅಯ್ಯನವರ ಪ್ರಸಂಗ ಮುಗಿಯುವವರೆಗೆ ಗಂಟಲಲ್ಲೇ ಇಟ್ಟುಕೊಳ್ಳುತ್ತೇವೆ. ಇಲ್ಲಿ ಪಾಸ್ಟರ್ ಒಂದು ಮಾತಾಡಿದರೆ ಸಭೆ ನಾಲ್ಕು ಮಾತಾಡುತ್ತದೆ. "ಹೌದೌದು!" "ಇನ್ನೊಂದ್ಸಲ ಹೇಳಿ!" "ನನ್ನ ಗಂಡನ ಕಡೆ ತಿರುಗಿ ಹೇಳಿ!" ತಗಡಿನ ಮಾಡು, ಅದರ ಕೆಳಗೆ ಎರಡು ಡ್ರಮ್ಮು, ನಮ್ಮ ಬೀರುವಿನಷ್ಟು ಎತ್ತರದ ಸ್ಪೀಕರು. ಕಾಣಿಕೆ ಹಾಕಲು ಎಲ್ಲರೂ ಕುಣಿಯುತ್ತ ಮುಂದೆ ಹೋಗುತ್ತಾರೆ. ನಮ್ಮ ಡಾಕ್ಟರನ್ನು ನೀವು ಬಲ್ಲಿರಿ, ಮದುವೆ ಮನೆಯಲ್ಲೂ ಕೈಕಟ್ಟಿ ನಿಲ್ಲುವ ಮನುಷ್ಯ. ಅವರನ್ನು ಇಬ್ಬರು ಅಜ್ಜಿಯರು ಕೈ ಹಿಡಿದು ಎಳೆದರು. ಮೊದಲು "ಬೇಡಮ್ಮಾ, ಬೇಡಮ್ಮಾ" ಅಂದರು. ಆಮೇಲೆ ಅಜ್ಜಿಯರು ಸುಸ್ತಾಗಿ ಕೂತರು, ಡಾಕ್ಟರು ಕೂರಲಿಲ್ಲ.

ಅಷ್ಟರಲ್ಲಿ ಡ್ರಮ್ಮು ನಿಂತು, ಮೆಲ್ಲಗೆ ಒಂದು ಹಾಡು ಶುರುವಾಯಿತು. ಹಾಡು ಶುರುವಾದರೆ ಎದ್ದು ನಿಲ್ಲಬೇಕು ಅಂತ ಅಮ್ಮ ತೊಡೆ ಚಿವುಟಿ ಚಿವುಟಿ ಕಲಿಸಿದ್ದಾಳಲ್ಲ, ನಾನು ತಟ್ಟನೆ ಎದ್ದೆ. ಅದೇ ಗಳಿಗೆಗೆ ಇಡೀ ಸಭೆ ದೊಪ್ಪನೆ ಕೂತುಬಿಟ್ಟಿತು. ನಿಂತವಳು ನಾನೊಬ್ಬಳೇ. ಕೂರೋಣ ಅನ್ನುವಷ್ಟರಲ್ಲಿ ಚಪ್ಪಾಳೆಯೋ ಚಪ್ಪಾಳೆ. ಹೆಂಗಸರು ಓಡಿಬಂದು ತಬ್ಬಿಕೊಂಡರು. ಒಬ್ಬಾಕೆ ನನ್ನ ಕಣ್ಣೀರು ಒರೆಸಿದಳು. ನನ್ನ ಕಣ್ಣಲ್ಲಿ ನೀರೇ ಇರಲಿಲ್ಲ.

ಇಲ್ಲಿ ಒಬ್ಬ ಮುದುಕ ಇದ್ದಾನೆ. ಹಡಗಿನ ಅಡುಗೆಮನೆಯಲ್ಲಿ ನಮ್ಮ ಕಡೆಯವರ ಜೊತೆ ಅರ್ಧ ಆಯುಷ್ಯ ಕಳೆದವನು, ನಮ್ಮ ಭಾಷೆ ಚೆನ್ನಾಗಿ ಆಡುತ್ತಾನೆ, ಬೈಗುಳ ಇನ್ನೂ ಚೆನ್ನಾಗಿ. ನಾನು ಹಡಗಿನಜ್ಜ ಅಂತ ಕರೆಯುತ್ತೇನೆ. ಅವನು ಬಂದು ಕಿವಿಯಲ್ಲಿ ಹೇಳಿದ: "ಇದು ಜಗಳದ ಹಾಡು ಮಗಳೇ. ಯಾರ ಜೊತೆಗಾದರೂ ಮಾತು ಬಿಟ್ಟವರು ಮಾತ್ರ ಎದ್ದು ನಿಲ್ತಾರೆ. ವರ್ಷದಿಂದ ಒಬ್ಬರೂ ನಿಂತಿರಲಿಲ್ಲ. ನಮಗೆಲ್ಲ ಬೇಜಾರಾಗಿ ಹೋಗಿತ್ತು."

"ಅಯ್ಯೋ ಅಜ್ಜಾ, ನಾನು ಗೊತ್ತಿಲ್ಲದೆ ನಿಂತೆ ಅಂತ ಹೇಳಿ!"

"ಎಲ್ಲರೂ ಹಾಗೇ ಹೇಳೋದು."

ಪಾಸ್ಟರ ತಾಯಿ, ಎಲ್ಲರೂ ದೊಡ್ಡಮ್ಮ ಅನ್ನುವ ಮುದುಕಿ, ನನ್ನ ಗಲ್ಲ ಹಿಡಿದು "ಯಾರ ಜೊತೆ?" ಅಂದಳು. ಯಾರ ಜೊತೆಗೂ ಇಲ್ಲ ಅನ್ನಬಹುದಿತ್ತು. ಬಾಯಿ ತಪ್ಪಿ "ಅಕ್ಕ" ಅಂದುಬಿಟ್ಟೆ. ಅಜ್ಜ ಅದನ್ನು ಅವರ ಭಾಷೆಯಲ್ಲಿ ಕೂಗಿದ. ಸಭೆಯಲ್ಲಿ ಒಂದೇ ಸಂಭ್ರಮ. ಗಂಡನ ಜೊತೆಗಿನ ಜಗಳ ಎರಡು ವಾರಕ್ಕೆ ಸಪ್ಪೆಯಾಗುತ್ತದಂತೆ, ಅಕ್ಕನ ಜೊತೆಗಿನದು ಬಹಳ ದಿನ ಬರುತ್ತದಂತೆ.

ಈಗ ಕಟ್ಟಳೆ ಏನು ಅಂದರೆ, ವೇದಿಕೆಯ ಪಕ್ಕ ಸಭೆಗೆ ಮುಖ ಮಾಡಿ ಒಂದು ಮರದ ಬೆಂಚಿದೆ. ಜಗಳದ ಬೆಂಚು. ಜಗಳ ತೀರುವವರೆಗೆ ಪ್ರತಿ ಭಾನುವಾರ ನಾನು ಅದರ ಮೇಲೆ ಕೂರಬೇಕು, ನಿಮಗೆ ಕಾಗದ ಬರೆಯಬೇಕು. ಫೋನ್ ಮಾಡುತ್ತೇನೆ ಅಂದರೆ ಬೇಡವಂತೆ. ಫೋನಿನಲ್ಲಿ ಜಗಳ ಬೆಳೆಯುತ್ತದೆ, ತೀರುವುದು ಕಾಗದದಲ್ಲೇ ಅಂತ ದೊಡ್ಡಮ್ಮನ ಅಭಿಪ್ರಾಯ.

ಆದ್ದರಿಂದ ದಯವಿಟ್ಟು "ಜಗಳ ಮುಗಿದಿದೆ" ಅಂತ ಎರಡು ಸಾಲು ಬರೆದು ಕಳಿಸಿ. ನಿಜವಾಗಿ ಮುಗಿಯಬೇಕು ಅಂತೇನಿಲ್ಲ. ಬೆಂಚಿಗೆ ಒರಗುಹಲಗೆ ಇಲ್ಲ, ನನಗೆ ಸೊಂಟ ನೋವು.

ಇತಿ,
ಮೇಲಿನ ಮನೆಯವಳು


ಜುಲೈ ೮

ಮೇಲಿನ ಮನೆಯವರಿಗೆ,

ತಮ್ಮ ಕಾಗದ ತಲುಪಿತು. ಅಂಚೆಯವನು ಹೊರದೇಶದ ಚೀಟಿ ನೋಡಿ ಬೀದಿಗೆಲ್ಲ ಕೇಳುವಂತೆ ಕೂಗಿ ಕೊಟ್ಟುಹೋದ. ಅಂಗಿಯ ಅಳತೆ ಕೊಡಲು ಬಂದ ಗಿರಾಕಿಗಳ ಎದುರು ಒಡೆಯಬಾರದೆಂದು ಹೊಲಿಗೆ ಯಂತ್ರದ ಡ್ರಾಯರಿನಲ್ಲಿ ಇಟ್ಟೆ. ಅವರು ಯಾವಾಗ ಹೋಗುತ್ತಾರೋ ಎಂದು ಕಾಯುತ್ತ ಒಂದು ತೋಳನ್ನು ತಿರುವುಮುರುವಾಗಿ ಹೊಲಿದೆ. ಇಪ್ಪತ್ತು ವರ್ಷದ ಕೆಲಸದಲ್ಲಿ ಹೀಗೆ ಆಗಿರಲಿಲ್ಲ. ಯಾರಿಂದ ಆಯಿತೆಂದು ತಮಗೆ ತಿಳಿದಿರಲಿ.

"ಜಗಳ ಮುಗಿದಿದೆ" ಎಂದು ನಾನು ಬರೆಯಲಾರೆ. ಜಗಳವೇ ಇರಲಿಲ್ಲ. ಅಮ್ಮನ ಸ್ಮರಣೆಯ ಆರಾಧನೆಯಲ್ಲಿ ಕ್ವಾಯರಿನವರು ಅಮ್ಮನ ಇಷ್ಟದ ಹಾಡನ್ನು ಹಾಡುವಾಗ ಹಿಂದಿನ ಸಾಲಿನಿಂದ ಯಾರೋ ಶ್ರುತಿ ಬಿಟ್ಟು ಹಾಡಿದರು. ಕ್ವಾಯರ್ ನಡೆಸುವವಳು ನಾನು. ತುಟಿಯ ಮೇಲೆ ಬೆರಳಿಟ್ಟು ಸುಮ್ಮನಿರಲು ಸನ್ನೆ ಮಾಡಿದೆ. ಅದು ನನ್ನ ಕೆಲಸ. ತಾವು ಹಾಡು ಮುಗಿಯುವ ಮೊದಲೇ ಎದ್ದು, ಕುರ್ಚಿ ಬೀಳಿಸಿ, ಎಲ್ಲರೆದುರು ಹೊರಟುಹೋದಿರಿ. ಮಾತು ಬಿಟ್ಟದ್ದು ತಾವು. ನಾನು ಬಿಡಲಿಲ್ಲ, ಮತ್ತೆ ಶುರು ಮಾಡಲಿಲ್ಲ, ಅಷ್ಟೆ.

ಇನ್ನು ಆ ಚರ್ಚಿನ ವಿಷಯ. ದೇವರಿಗೆ ಕಿವಿ ಮಂದವೆಂದು ಅವರಿಗೆ ಯಾರಾದರೂ ಹೇಳಿದ್ದಾರೆಯೇ? ಎರಡು ಡ್ರಮ್ಮು ಯಾಕೆ ಬೇಕು? ಡಾಕ್ಟರು ಕುಣಿದದ್ದನ್ನು ಅವರ ಹೆಂಡತಿಗೆ ಹೇಳಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ. ಕೊನೆಗೆ ಹೇಳಿದೆ. ಆಕೆ ನಂಬಲಿಲ್ಲ. "ನಮ್ಮೆಜಮಾನ್ರಾ? ಛೇ, ಸುಮ್ನಿರಿ" ಎಂದು ನಕ್ಕರು.

ಅಂದಹಾಗೆ ಅಲ್ಲಿ ನಿನಗೂ ಹಾಡಲು ಬಿಡುತ್ತಾರೆಯೇ? ಬಿಟ್ಟರೆ ಆ ಜನಕ್ಕೆ ಕಿವಿ ಇಲ್ಲ ಎಂದೇ ಅರ್ಥ. ನಿನ್ನದು ಕತ್ತೆಯ ದನಿ ಎಂದು ನಾನು ಯಾವತ್ತೂ ಬಾಯಿಬಿಟ್ಟು ಹೇಳಿದವಳಲ್ಲ ಕಣೇ, ಅದೊಂದನ್ನು ನೆನಪಿಟ್ಟುಕೋ. ಮನಸ್ಸಿನಲ್ಲಿ ಅಂದುಕೊಂಡದ್ದಕ್ಕೆ ಯಾರೂ ಜವಾಬು ಕೇಳಬಾರದು. ಈ ಭಾಗದಲ್ಲಿ "ನೀನು" ಎಂದಿರುವಲ್ಲೆಲ್ಲ "ತಾವು" ಎಂದು ಓದಿಕೊಳ್ಳತಕ್ಕದ್ದು. ಒಳ್ಳೆಯ ಕಾಗದ, ಹರಿಯಲು ಮನಸ್ಸು ಬರಲಿಲ್ಲ.

ಇನ್ನೊಂದು ವಿಷಯ. ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬರು ಮೇಲಿನ ಮನೆಯನ್ನು ಬಾಡಿಗೆಗೆ ಕೇಳುತ್ತಿದ್ದಾರೆ. ಒಂಟಿ ಮನುಷ್ಯ, ಸದ್ದುಗದ್ದಲ ಇಲ್ಲ. ತಾವು ವಾಪಸು ಬರುವುದು ಖಂಡಿತವೋ ಅಲ್ಲವೋ ತಿಳಿಸಿದರೆ ಅವರಿಗೆ ಉತ್ತರ ಕೊಡಬಹುದು. ಕೊಡಲೇಬೇಕೆಂದು ನನಗೇನೂ ಇಲ್ಲ. ಖಾಲಿ ಇಡಬೇಕೆಂದೂ ಇಲ್ಲ.

ಇತಿ,
ಕೆಳಗಿನ ಮನೆಯವರು


ಆಗಸ್ಟ್ ೩, ಭಾನುವಾರ

ಅಕ್ಕ,

ನಿನ್ನ ಕಾಗದಕ್ಕೆ ಇವತ್ತು ಇಲ್ಲಿ ಎಂಥಾ ಚಪ್ಪಾಳೆ ಬಿತ್ತು ಅಂತ ಕೇಳಿದರೆ ನೀನು ಮಂಚದ ಕೆಳಗೆ ಸೇರಿಕೊಳ್ಳುತ್ತೀಯ. ಹೌದು, ಓದಿಸಿದರು. ಸಭೆಯ ಮುಂದೆ, ಮೈಕಿನಲ್ಲಿ. ಉತ್ತರ ಬಂದರೆ ಬೆಂಚಿನ ಮೇಲೆ ನಿಂತು ಎಲ್ಲರಿಗೂ ಓದಿಹೇಳಬೇಕು ಅನ್ನುವುದು ಕಟ್ಟಳೆಯ ಎರಡನೇ ಭಾಗ. ಮೊದಲೇ ಹೇಳಿದ್ದರೆ ನಾನು ಹಡಗಲ್ಲ, ತೆಪ್ಪ ಹತ್ತಿಯಾದರೂ ಓಡಿಹೋಗುತ್ತಿದ್ದೆ.

ನಾನೂ ಜಾಣತನ ಮಾಡಿದೆ. ನಮ್ಮ ಭಾಷೆಯಲ್ಲಿ ಓದುತ್ತ, ಖಾರದ ಸಾಲುಗಳನ್ನೆಲ್ಲ ನುಂಗಿಕೊಂಡು, ನೀನು ಬರೆಯದೇ ಇದ್ದ ಹವಾಮಾನ, ಹೊಲಿಗೆ, ಡಾಕ್ಟರ ಹೆಂಡತಿಯ ಕ್ಷೇಮಸಮಾಚಾರ ಇಷ್ಟನ್ನೇ ಹೇಳಿ ಮಡಚಿದೆ. ಹಡಗಿನಜ್ಜ ಅನುವಾದ ಮಾಡುತ್ತಿದ್ದವನು ನಿಲ್ಲಿಸಿ ನನ್ನನ್ನೇ ನೋಡಿದ. "ನಾಲ್ಕು ಪುಟದ ಕಾಗದ, ಇಷ್ಟು ಬೇಗ ಮುಗೀತಾ? ಎರಡು ವರ್ಷ ಮಾತು ಬಿಟ್ಟ ಹೆಂಗಸು ಹವಾಮಾನ ಬರೀತಾಳಾ?" ದೊಡ್ಡಮ್ಮ ಕೋಲು ಕುಟ್ಟಿದಳು. ಮೊದಲಿನಿಂದ ಪೂರ್ತಿ ಓದಬೇಕಾಯಿತು.

ಅಜ್ಜ ಅನುವಾದ ಮಾಡಲಿಲ್ಲ, ನಾಟಕ ಆಡಿದ. ನಿನ್ನ ಮಾತು ಬಂದಾಗಲೆಲ್ಲ ಸೊಂಟದ ಮೇಲೆ ಕೈ ಇಟ್ಟು, ಮೂಗು ಮೇಲೆತ್ತಿ ಮಾತಾಡಿದ. ನಿನ್ನನ್ನು ಕಂಡವನೇ ಅಲ್ಲ, ಆದರೂ ನೀನೇ ಬಂದು ನಿಂತ ಹಾಗಿತ್ತು. ಕತ್ತೆಯ ದನಿ ಬಂದ ಕಡೆ ಕತ್ತೆಯ ಹಾಗೇ ಅರಚಿದ. ಎಲ್ಲರೂ "ಇನ್ನೊಂದ್ಸಲ!" ಅಂದರು. ಮೂರು ಸಲ ಅರಚಿದ. "ಆ ಜನಕ್ಕೆ ಕಿವಿ ಇಲ್ಲ" ಅಂದಾಗ ಕೋಪಿಸಿಕೊಳ್ಳುತ್ತಾರೆ ಅಂದುಕೊಂಡೆ. ಹೊಟ್ಟೆ ಹಿಡಿದುಕೊಂಡು ನಕ್ಕರು. ಒಬ್ಬ ಮುದುಕ ಎದ್ದು, ನನಗೆ ನಿಜವಾಗಿಯೂ ಒಂದು ಕಿವಿ ಕೇಳೋದಿಲ್ಲ, ಆಕೆಗೆ ಹೇಗೆ ಗೊತ್ತಾಯ್ತು ಅಂತ ಕೇಳಿದ.

ಈಗ ಸಭೆ ಎರಡು ಪಕ್ಷವಾಗಿದೆ. ಕಿಟಕಿ ಕಡೆಯವರು ನಿನ್ನ ಪಕ್ಷ: ಕೆಲಸ ಅಂದರೆ ಕೆಲಸ, ಶ್ರುತಿ ಬಿಟ್ಟರೆ ಸುಮ್ಮನಿರಿಸಬೇಕು ಅಂತ. ಬಾಗಿಲ ಕಡೆಯವರು ನನ್ನ ಪಕ್ಷ: ಹೆತ್ತ ತಾಯಿಗೆ ಹಾಡುವಾಗ ಶ್ರುತಿ ಯಾವಳು ಕೇಳಿದಳು ಅಂತ. ದೊಡ್ಡಮ್ಮ ಯಾವ ಪಕ್ಷವೂ ಅಲ್ಲ. "ಕೋಪ ಇರೋಳು ಇಷ್ಟು ಉದ್ದ ಬರೆಯೋದಿಲ್ಲ" ಅಂದು ಕೂತಳು.

ಅದು ಯಾವ ಹಾಡು, ಹಾಡಿ ತೋರಿಸು ಅಂದರು. ಹಾಡಿದೆ. ಎರಡು ವರ್ಷದ ಮೇಲೆ, ಬಾಯಿಬಿಟ್ಟು, ಪೂರ್ತಿ, ಯಾರೂ ಬೆರಳು ತೋರಿಸದೆ. ಡ್ರಮ್ಮಿನವರಿಗೆ ಅದು ಎಷ್ಟು ಹಿಡಿಸಿತು ಅಂದರೆ ಕಾಣಿಕೆ ಹೊತ್ತಿಗೂ ಅದನ್ನೇ ಬಾರಿಸಿದರು, ಇನ್ನು ಪ್ರತಿ ವಾರವೂ ಅದೇ ಅಂತೆ. ಅಮ್ಮನ ಹಾಡಿಗೆ ಡಾಕ್ಟರು ಕುಣಿಯುವುದನ್ನು ನೀನು ನೋಡಬೇಕು. ಬೇಡ, ನೋಡದಿರುವುದೇ ಒಳ್ಳೆಯದು.

ನಗುವ ವಿಷಯ ಇಷ್ಟು. ಇನ್ನು ನನ್ನ ಮಾತು. ನೀನು ಬೆರಳಿಟ್ಟದ್ದು ನಿನ್ನ ತುಟಿಯ ಮೇಲೆ, ಮುಚ್ಚಿದ್ದು ನನ್ನ ಬಾಯಿ. ಅವಳು ನನಗೂ ಅಮ್ಮ. ಬೇರೆ ಯಾವ ದಿನವಾದರೂ ಸುಮ್ಮನಿರು ಅಂದಿದ್ದರೆ ಇರುತ್ತಿದ್ದೆ, ಹುಟ್ಟಿದಾಗಿನಿಂದ ಅದೇ ಕೆಲಸ ತಾನೇ. ಅವತ್ತು ಅನ್ನಬಾರದಿತ್ತು.

ಇಲ್ಲಿನ ಚಿಕ್ಕ ಆಸ್ಪತ್ರೆಯವರು ಇಲ್ಲೇ ಇದ್ದುಬಿಡು ಅಂತ ಕೇಳುತ್ತಿದ್ದಾರೆ. ಕೆಲಸ ಕೊಡುತ್ತಾರೆ, ಒಂದು ಕೋಣೆಯನ್ನೂ ಕೊಡುತ್ತಾರೆ. ಡಾಕ್ಟರು ನವೆಂಬರ್ ಮೊದಲ ವಾರ ಹೊರಡುತ್ತಾರೆ, ಅಷ್ಟರೊಳಗೆ ಹೇಳಬೇಕು. ಮೇಲಿನ ಮನೆ ಬ್ಯಾಂಕಿನವರಿಗೆ ಕೊಡುವುದು ಬಿಡುವುದು ನಿನ್ನಿಷ್ಟ. ನಾನು ಬರಬೇಕೋ ಬೇಡವೋ ಅಂತ ನೀನು ಒಂದು ಮಾತು ಹೇಳಿದ್ದರೆ ನನಗೂ ಅನುಕೂಲವಾಗುತ್ತಿತ್ತು.

ಇತಿ,
ತಂಗಿ


ಆಗಸ್ಟ್ ೨೩

ಮಾನ್ಯ ಸಭೆಯವರಿಗೆ,

ವಂದನೆಗಳು. ನನ್ನ ಖಾಸಗಿ ಕಾಗದವನ್ನು ತಾವೆಲ್ಲ ಕೂತು ಕೇಳಿದಿರೆಂದು ತಿಳಿದುಬಂತು. ಹೇಗೂ ಕೇಳುವವರೇ, ಇನ್ನು ತಮ್ಮ ಹೆಸರಿಗೇ ಬರೆದರೆ ಮರ್ಯಾದೆ ಎಂದು ನೇರವಾಗಿ ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ಅಮ್ಮನ ಹಾಡು ಕುಣಿಯುವ ಹಾಡಲ್ಲ. ನಿಧಾನವಾಗಿ, ಉಸಿರು ಹಿಡಿದು ಹಾಡತಕ್ಕದ್ದು. ಮೂರನೆಯ ಸಾಲಿನಲ್ಲಿ ದನಿ ಮೇಲೆ ಹೋಗಬೇಕು. ನನ್ನ ತಂಗಿ ಕಲಿಸಿದ್ದಾಳೆ ಎಂದರೆ ಕೆಳಗೆ ಇಳಿಸಿ ಕಲಿಸಿರುತ್ತಾಳೆ. ದಯವಿಟ್ಟು ತಿದ್ದಿಕೊಳ್ಳಿ. ಡ್ರಮ್ಮು ಬೇಡ. ಬೇಕೇಬೇಕು ಎಂದರೆ ಒಂದು ಸಾಕು.

ಕಿಟಕಿ ಕಡೆ ಕೂರುವ ಸಹೋದರ ಸಹೋದರಿಯರಿಗೆ ನನ್ನ ವಿಶೇಷ ಕೃತಜ್ಞತೆಗಳು. ಕೆಲಸದ ಕಷ್ಟ ಕೆಲಸ ಮಾಡುವವರಿಗೇ ಗೊತ್ತು. ಬಾಗಿಲ ಕಡೆಯವರು ಬಾಗಿಲಿನ ಹತ್ತಿರವೇ ಇರುವುದು ಒಳ್ಳೆಯದು, ಬೇಕಾದಾಗ ಹೊರಗೆ ಹೋಗಬಹುದು. ಒಂದು ಕಿವಿ ಕೇಳದ ಹಿರಿಯರಿಗೆ: ತಮ್ಮನ್ನು ಉದ್ದೇಶಿಸಿ ಹೇಳಿದ್ದಲ್ಲ, ಕ್ಷಮಿಸಬೇಕು.

ಅನುವಾದ ಮಾಡುವ ಅಜ್ಜನವರಿಗೆ: ನಾನು ಸೊಂಟದ ಮೇಲೆ ಕೈ ಇಟ್ಟು ಮಾತಾಡುವುದಿಲ್ಲ. ಈ ಸಾಲನ್ನು ಓದುವಾಗಲಾದರೂ ಕೈ ಕೆಳಗಿಳಿಸಿ.

ನನ್ನ ತಂಗಿಯ ಬಗ್ಗೆ ತಮಗೆ ತಿಳಿದಿರಬೇಕಾದ ಕೆಲವು ವಿಷಯಗಳಿವೆ. ಅವಳು ಹಸಿವಾದರೆ ಹೇಳುವುದಿಲ್ಲ, ಮುಖ ಊದಿಸಿಕೊಳ್ಳುತ್ತಾಳೆ. ಅದನ್ನು ಕೋಪ ಎಂದು ತಿಳಿಯಬೇಡಿ, ಊಟ ಕೊಡಿ. ಇಬ್ಬನಿಯಲ್ಲಿ ತಲೆಗೆ ಬಟ್ಟೆ ಕಟ್ಟದೆ ಓಡಾಡಿದರೆ ಅವಳಿಗೆ ಎದೆ ಕಟ್ಟುತ್ತದೆ. ಒರಗುಹಲಗೆ ಇಲ್ಲದ ಬೆಂಚಿನಲ್ಲಿ ಅವಳನ್ನು ಕೂರಿಸುವುದು ಸರಿಯಲ್ಲ, ಚಿಕ್ಕಂದಿನಿಂದ ಸೊಂಟದ ತೊಂದರೆ ಇದೆ. ಒಂದು ದಿಂಬಿನ ಚೀಲ ಹೊಲಿದು ಕಳಿಸುತ್ತಿದ್ದೇನೆ. ಹತ್ತಿ ಅಲ್ಲೇ ತುಂಬಿಸಿಕೊಳ್ಳಲಿ, ಹಲ್ಲಿನವರ ಹತ್ತಿರ ಇರುತ್ತದೆ.

ಅವಳು ಅಲ್ಲೇ ಉಳಿಯುವ ವಿಷಯ ಅವಳಿಗೆ ಬಿಟ್ಟದ್ದು. ಬ್ಯಾಂಕಿನವರು ಮುಂದಿನ ತಿಂಗಳು ಮನೆ ನೋಡಲು ಬರುತ್ತೇನೆ ಎಂದಿದ್ದಾರೆ.

ಇತಿ ತಮ್ಮ ವಿಶ್ವಾಸಿ,
ಕ್ವಾಯರ್ ನಡೆಸುವವಳು

ವಿ.ಸೂ.: ತಂಗಿಗೆ ಸಂಬಂಧಿಸಿದ ಭಾಗವನ್ನು ಅವಳ ಎದುರಿಗೆ ಓದಬೇಡಿ.


ಸೆಪ್ಟೆಂಬರ್ ೧೪, ಭಾನುವಾರ

ಅಕ್ಕ,

ನನ್ನ ಎದುರಿಗೆ ಓದಬೇಡಿ ಅಂತ ಬರೆದ ಕಾಗದವನ್ನು ಓದಿದವಳೇ ನಾನು. ಆ ಬುದ್ಧಿ ನಿನಗೆ ಹೊಳೆಯಲಿಲ್ಲವ?

ಬೆಂಚಿನ ಮೇಲೆ ನಿಂತು, ನನಗೆ ಹಸಿವಾದರೆ ಮುಖ ಊದಿಸಿಕೊಳ್ಳುತ್ತೇನೆ ಅಂತ ಇನ್ನೂರು ಜನಕ್ಕೆ ನಾನೇ ಓದಿ ಹೇಳಿದೆ. ಆರಾಧನೆ ಮುಗಿದ ಮೇಲೆ ಎಂಟು ಮನೆಯವರು ಊಟಕ್ಕೆ ಎಳೆದರು. ಬೇಡ ಅಂದರೆ "ನೋಡಿ, ಮುಖ ಊದಿಸಿಕೊಂಡಳು" ಅನ್ನುತ್ತಾರೆ. ಬಾಗಿಲ ಕಡೆಯ ನನ್ನ ಜನ ಅರ್ಧಕ್ಕರ್ಧ ಎದ್ದುಹೋಗಿ ಕಿಟಕಿ ಕಡೆ ಕೂತರು. ನಿನ್ನ ಮಾತು ಕೇಳಿ ಹೊರಗೆ ಹೋಗುತ್ತಾರೆ ಅಂದುಕೊಂಡೆ, ಪಕ್ಷವನ್ನೇ ಬದಲಿಸಿದರು. ಹಡಗಿನಜ್ಜ ನಿನ್ನ ಸಾಲು ಬಂದಾಗ ಎರಡೂ ಕೈ ಕೆಳಗಿಳಿಸಿ, ಶಾಲೆಯ ಮಗುವಿನ ಹಾಗೆ ನೆಟ್ಟಗೆ ನಿಂತು ಅನುವಾದ ಮಾಡಿದ. ದಿಂಬಿನ ಚೀಲವನ್ನು ಸಭೆಯಲ್ಲಿ ಕೈಯಿಂದ ಕೈಗೆ ದಾಟಿಸಿ ಹೊಲಿಗೆ ನೋಡಿದರು. ಎಲ್ಲರಿಗೂ ಒಂದೊಂದು ಬೇಕಂತೆ.

ನಾನೂ ಎಲ್ಲರ ಜೊತೆ ನಕ್ಕೆ. ಕೋಣೆಗೆ ಬಂದ ಮೇಲೆ ನಗು ಬರಲಿಲ್ಲ.

ಇನ್ನೂರು ಜನಕ್ಕೆ ಬರೆದೆ. ಕಿವಿ ಕೇಳದ ತಾತನಿಗೆ ಕ್ಷಮಿಸಿ ಅಂದೆ. ಮುಖ ನೋಡದ ತಾತನಿಗೆ! ನನಗೆ ಅಂತ ಒಂದು ಸಾಲು ಇರಲಿಲ್ಲ ಅಕ್ಕ. ಬಾ ಅಂತ ಬೇಡ, ಬರಬೇಡ ಅಂತಲಾದರೂ ಬರೆಯಬಹುದಿತ್ತು. ಬ್ಯಾಂಕಿನವರು ಮನೆ ನೋಡಲು ಬರುತ್ತಾರೆ ಅನ್ನುವುದೇ ನಿನ್ನ ಉತ್ತರ ಅಂತ ತಿಳಿದುಕೊಂಡಿದ್ದೇನೆ.

ಆಸ್ಪತ್ರೆಯವರಿಗೆ ಇರುತ್ತೇನೆ ಅಂತ ಹೇಳಿಬಿಟ್ಟೆ. ಮೇಲಿನ ಬೀರುವಿನಲ್ಲಿ ನನ್ನ ಬಟ್ಟೆ ಇವೆ. ಬ್ಯಾಂಕಿನವರು ಬರುವ ಮೊದಲು ಕೆಳಗೆ ಎಲ್ಲಾದರೂ ಇಡು.

ಇತಿ,
ತಂಗಿ


ಅಕ್ಟೋಬರ್ ೪

ಪುಟ್ಟಿ,

ಇದು ನಾಲ್ಕನೇ ಸಲ ಬರೆಯುತ್ತಿರುವುದು. ಮೊದಲಿನ ಮೂರೂ ಕಾಗದಗಳಲ್ಲಿ ಛಾವಣಿಯ ನೀರಿನ ತೊಟ್ಟಿ ಸೋರುವ ವಿಷಯವೇ ತುಂಬಿಹೋಯಿತು. ತೊಟ್ಟಿ ಸೋರುತ್ತಿದೆ, ಅದು ನಿಜ. ಅದನ್ನು ಹೇಳಿ ಆಯಿತು.

ಅಮ್ಮನಿಗೆ ಹಾಡಲು ಬರುತ್ತಿರಲಿಲ್ಲ. ಇದು ನಿನಗೆ ಗೊತ್ತಿಲ್ಲ, ಯಾಕೆಂದರೆ ನಿನಗೂ ಬರುವುದಿಲ್ಲ. ಹಾಡು ಬಾರದವರ ತಪ್ಪು ಹಾಡು ಬಾರದವರಿಗೆ ಕೇಳಿಸುವುದಿಲ್ಲ. ಪಾತ್ರೆ ತೊಳೆಯುತ್ತ ಅವಳು ಆ ಹಾಡು ಹಾಡುವಾಗ ಮೂರನೆಯ ಸಾಲಿನಲ್ಲಿ ಮೇಲೆ ಹೋಗಬೇಕಾದ ದನಿ ಜಾರಿ ಕೆಳಗೆ ಬೀಳುತ್ತಿತ್ತು. "ಅಮ್ಮಾ, ಮೇಲೆ, ಮೇಲೆ!" ಎಂದು ನಾನು ಕೂಗುತ್ತಿದ್ದೆ. "ನನ್ನ ಹಾಡು, ನಂಗೆ ಬೇಕಾದ ಕಡೆ ಹೋಗುತ್ತೆ, ನಿಂಗೇನು?" ಎನ್ನುತ್ತಿದ್ದಳು.

ಅವತ್ತು ನಾನು ಕೈ ಎತ್ತಿ ಹಾಡಿಸುತ್ತಿದ್ದೆ. ಹಲ್ಲು ಕಚ್ಚಿ ತಾಳ ಎಣಿಸುತ್ತಿದ್ದೆ. ಮೂರನೆಯ ಸಾಲು ಬಂತು. ಹಿಂದಿನಿಂದ ಅಮ್ಮ ಹಾಡಿದಳು. ಅದೇ ಜಾಗದಲ್ಲಿ ಅದೇ ತಪ್ಪು, ಅದೇ ದನಿ ಪುಟ್ಟಿ. ಸತ್ತ ಅಮ್ಮ ನನ್ನ ಬೆನ್ನ ಹಿಂದೆ ನಿಂತು ಹಾಡಿದ ಹಾಗಾಯಿತು. ತಿರುಗಿ ನೋಡಿದರೆ ನೀನು. ಇನ್ನೊಂದು ಸಾಲು ಕೇಳಿದ್ದರೆ ನಾನು ಎಲ್ಲರೆದುರು ನೆಲದ ಮೇಲೆ ಕೂತು ಅಳುತ್ತಿದ್ದೆ. ಅದಕ್ಕೇ ಬೆರಳಿಟ್ಟೆ. ನೀನು ಕುರ್ಚಿ ಬೀಳಿಸಿ ಹೊರಟೆ. ಆಮೇಲೆ ನನಗೆ ಅಳಲೂ ಆಗಲಿಲ್ಲ, ಹೇಳಲೂ ಆಗಲಿಲ್ಲ.

ಹೇಳಬೇಕೆಂದು ಎರಡು ಸಲ ಮೆಟ್ಟಿಲು ಹತ್ತಿ ಬಂದಿದ್ದೆ. ಒಂದು ಸಲ ನೀನು ಒಳಗೆ ಅದೇ ಹಾಡು ಗುನುಗುತ್ತಿದ್ದೆ. ಬಾಗಿಲ ಹೊರಗೆ ಕೂತು ಪೂರ್ತಿ ಕೇಳಿ, ಅತ್ತು, ಇಳಿದುಬಂದೆ. ಮಾರನೆಯ ದಿನ ನೀನು ಮೆಟ್ಟಿಲ ಮೇಲೆ ಯಾರದೋ ಕರವಸ್ತ್ರ ಸಿಕ್ಕಿದೆ ಎಂದು ಬೀದಿಯವರನ್ನೆಲ್ಲ ಕೇಳಿದೆಯಲ್ಲ, ಅದು ನನ್ನದು. ಚೆನ್ನಾಗಿತ್ತು ಆ ಕರವಸ್ತ್ರ. ಪಕ್ಕದ ಮನೆಯವರು ತಮ್ಮದು ಎಂದು ಇಟ್ಟುಕೊಂಡರು, ನೋಡುತ್ತ ಸುಮ್ಮನಿದ್ದೆ.

ಬ್ಯಾಂಕಿನವರು ಮನೆ ನೋಡಲು ಬಂದರು. ಎಲ್ಲ ಕೋಣೆ ನೋಡಿ, "ತುಂಬಾ ಶಾಂತವಾಗಿದೆ" ಎಂದರು. ಆ ಮಾತಿಗೆ ನನಗೆ ಎಲ್ಲಿತ್ತೋ ಸಿಟ್ಟು. ಕೊಡುವುದಿಲ್ಲ, ಹೋಗಿ ಎಂದೆ. ಆ ಮನುಷ್ಯ ಮಾಡಿದ ತಪ್ಪೇನೆಂದು ಆತನಿಗೆ ಇವತ್ತಿಗೂ ಗೊತ್ತಿಲ್ಲ. ನಿನ್ನ ಬಟ್ಟೆ ನಾನು ಮುಟ್ಟಿಲ್ಲ.

ನಿನಗೆ ಅಲ್ಲಿ ಸಂತೋಷವಿದ್ದರೆ ಇರು, ನಾನು ತಡೆಯುವುದಿಲ್ಲ. ನಾನು ಬೇಡ ಎಂದೆ ಎಂದುಕೊಂಡು ಮಾತ್ರ ಇರಬೇಡ. ನನಗೆ ನೀನು ಬೇಕು ಕಣೇ. ಒಂದೇ ಮನೆಯಲ್ಲಿದ್ದು ಮಾತಾಡದೆ ಇದ್ದಾಗಲೂ ಬೇಕಾಗಿದ್ದೆ. ಬಾ.

ಇದನ್ನು ನೀನು ಆ ಬೆಂಚಿನ ಮೇಲೆ ನಿಂತು ಓದುತ್ತೀಯ, ಆ ಅಜ್ಜ ಇದನ್ನೂ ಆಡಿ ತೋರಿಸುತ್ತಾನೆ ಎಂದು ಗೊತ್ತಿದ್ದೇ ಬರೆದಿದ್ದೇನೆ. ಕೇಳಲಿ. ಮಾನ ಹೋದರೆ ಹೋಗಲಿ.

ನಿನ್ನ
ಅಕ್ಕ


ಅಕ್ಟೋಬರ್ ೨೬, ಭಾನುವಾರ

ಅಕ್ಕಾ,

ನಿನ್ನ ಕಾಗದ ಶುಕ್ರವಾರ ಕೈ ಸೇರಿತು. ಡಾಕ್ಟರು ಒಬ್ಬರ ದವಡೆ ಹಲ್ಲು ಅಲ್ಲಾಡಿಸುತ್ತಿದ್ದರು, ನಾನು ಇಕ್ಕಳ ಕೊಡಬೇಕಿತ್ತು. ಇಕ್ಕಳದ ಬದಲು ಕಾಗದ ಹಿಡಿದುಕೊಂಡು ಗೋಡೆಗೆ ಮುಖ ಮಾಡಿ ನಿಂತುಬಿಟ್ಟೆ. ಡಾಕ್ಟರು ನಾಲ್ಕು ಸಲ ಕೇಳಿ, ಕೊನೆಗೆ ತಾವೇ ತೆಗೆದುಕೊಂಡರು. ಬಾಯಿ ತೆರೆದುಕೊಂಡು ಕೂತಿದ್ದ ಹೆಂಗಸು, ಆ ಸ್ಥಿತಿಯಲ್ಲೇ, "ಅಕ್ಕಂದಾ?" ಅಂತ ಕೇಳಿದಳು.

ಹಾಗಾಗಿ ಊರಿಗೆಲ್ಲ ಸುದ್ದಿ. ಇವತ್ತು ಚರ್ಚಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಿಟಕಿಯ ಹೊರಗೂ ಜನ ನಿಂತಿದ್ದರು. ಹಡಗಿನಜ್ಜ ಇಸ್ತ್ರಿ ಹಾಕಿದ ಅಂಗಿ ತೊಟ್ಟು, ಗಂಟಲಿಗೆ ಏನೋ ಕಷಾಯ ಕುಡಿದುಕೊಂಡು, ಮೈಕಿನ ಹತ್ತಿರ ಮೊದಲೇ ಬಂದು ನಿಂತಿದ್ದ.

ನಾನು ಬೆಂಚು ಹತ್ತಿದೆ. ಕಾಗದ ಬಿಚ್ಚಿದೆ. "ಪುಟ್ಟಿ" ಅನ್ನುವುದನ್ನು ನೋಡಿದೆ. ಅಮ್ಮ ಹೋದ ಮೇಲೆ ಯಾರೂ ನನ್ನನ್ನು ಹಾಗೆ ಕರೆದಿರಲಿಲ್ಲ. ಮತ್ತೆ ಮಡಚಿ ಚೀಲದಲ್ಲಿ ಇಟ್ಟುಕೊಂಡೆ.

"ಇದನ್ನ ಓದೋದಿಲ್ಲ," ಅಂದೆ.

ಅಜ್ಜನಿಗೆ ಅರ್ಥವಾಯಿತು, ಆದರೆ ಅನುವಾದ ಮಾಡಲು ಅವನಿಗೆ ಮನಸ್ಸಿಲ್ಲ. "ಯಾಕೆ?" ಅಂದ.

"ಇದು ನಮ್ಮಕ್ಕ ನನಗೆ ಬರೆದಿದ್ದು. ಬೆಂಚಿನ ಮೇಲೆ ಇನ್ನೊಂದು ವರ್ಷ ಬೇಕಾದರೂ ಕೂರಿಸಿ. ಇದನ್ನ ಓದೋದಿಲ್ಲ."

ಅಜ್ಜ ಮೆಲ್ಲಗೆ ಹೇಳಿದ. ಬೈಯುತ್ತಾರೆ ಅಂದುಕೊಂಡೆ. ದೊಡ್ಡಮ್ಮ ಎದ್ದಳು, ಕೋಲು ಮೇಲೆತ್ತಿದಳು, ಎರಡು ಡ್ರಮ್ಮೂ ಒಟ್ಟಿಗೆ ಶುರುವಾದವು! ನಾಲ್ಕು ಜನ ಬಂದು ನನ್ನನ್ನು ಬೆಂಚಿನಿಂದ ಇಳಿಸಿ, ಬೆಂಚನ್ನು ಹೊತ್ತುಕೊಂಡು ಕುಣಿಯುತ್ತ ಹೊರಗೆ ಹೋದರು. ಕಿಟಕಿ ಕಡೆಯವರೂ ಬಾಗಿಲ ಕಡೆಯವರೂ ತಬ್ಬಿಕೊಳ್ಳುತ್ತಿದ್ದಾರೆ. ಏನಾಗುತ್ತಿದೆ ಅಂತ ಗೊತ್ತಿಲ್ಲದವಳು ನಾನೊಬ್ಬಳೇ.

ಕಟ್ಟಳೆಗೆ ಮೂರನೇ ಭಾಗ ಒಂದಿದೆಯಂತೆ. ಅದನ್ನು ಬೆಂಚಿನ ಮೇಲೆ ಕೂತವರಿಗೆ ಹೇಳಬಾರದಂತೆ. ಜಗಳದ ಕಾಗದವನ್ನು ಯಾರು ಬೇಕಾದರೂ ಎಲ್ಲರೆದುರು ಓದುತ್ತಾರೆ. ಯಾವ ದಿನ ಒಬ್ಬಳು ಕಾಗದ ಮಡಚಿ "ಇದು ನನ್ನದು, ಓದೋದಿಲ್ಲ" ಅನ್ನುತ್ತಾಳೋ ಅವತ್ತಿಗೆ ತೀರಿತು. ದೊಡ್ಡಮ್ಮ ನನ್ನ ಗಲ್ಲ ಹಿಡಿದು ಹೇಳಿದಳು: "ಜಗಳ ಊರಿಗೆಲ್ಲ ಸೇರಿದ್ದು ಮಗಳೇ. ರಾಜಿ ಇಬ್ಬರದ್ದು ಮಾತ್ರ."

ಅಜ್ಜನಿಗೆ ಕಟ್ಟಳೆ ಗೊತ್ತು, ಆದರೂ ಸಂಕಟ. ಹೊರಗೆ ಬಂದ ಮೇಲೆ ತೋಳು ಹಿಡಿದು, "ನಾನು ಯಾರಿಗೂ ಹೇಳೋದಿಲ್ಲ, ಒಂದೇ ಒಂದು ಸಾಲು ಹೇಳಮ್ಮಾ" ಅಂದ. ಪಾಪ ಅನಿಸಿ, ನೀರಿನ ತೊಟ್ಟಿ ಸೋರುತ್ತಿದೆಯಂತೆ ಅಂದೆ. "ಅದಕ್ಕಾ ಶುಕ್ರವಾರ ಗೋಡೆಗೆ ಮುಖ ಮಾಡಿ ಅತ್ತಿದ್ದು?" ಅಂತ ನನ್ನನ್ನೇ ದುರುಗುಟ್ಟಿ ನೋಡಿದ.

ಆಸ್ಪತ್ರೆಯವರಿಗೆ ಇರುವುದಿಲ್ಲ ಅಂದೆ. ಅವರೂ ಅದೇ ಚರ್ಚಿನವರು, ಬೆಂಚು ಹೊತ್ತವರಲ್ಲಿ ಇಬ್ಬರು ಅವರೇ. ಕೋಣೆಯನ್ನು ಆಗಲೇ ಬೇರೆಯವರಿಗೆ ಕೊಟ್ಟಿದ್ದಾರಂತೆ. ಡಾಕ್ಟರ ಜೊತೆಗೇ ಹೊರಡುತ್ತೇನೆ. ಈ ಕಾಗದ ಮೊದಲು ಬರುತ್ತದೋ ನಾನು ಮೊದಲು ಬರುತ್ತೇನೋ ಗೊತ್ತಿಲ್ಲ.

ಅಮ್ಮನಿಗೂ ಹಾಡಲು ಬರುತ್ತಿರಲಿಲ್ಲ ಅನ್ನುವುದನ್ನು ಎರಡು ದಿನದಿಂದ ನೆನೆಸಿಕೊಂಡು ನಗುತ್ತಿದ್ದೇನೆ, ಅಳುತ್ತಿದ್ದೇನೆ. ಇಷ್ಟು ವರ್ಷ ನನ್ನ ದನಿಗೆ ನಾಚಿಕೊಂಡೆನಲ್ಲ ಅಕ್ಕಾ! ಇನ್ನು ನಾಚುವುದಿಲ್ಲ, ಮೊದಲೇ ಹೇಳಿದ್ದೇನೆ. ನಿನ್ನ ಕ್ವಾಯರಿಗೆ ಬರುವುದಿಲ್ಲ, ಹೆದರಬೇಡ. ಮನೆಯಲ್ಲಿ ಹಾಡುತ್ತೇನೆ, ಮೂರನೆಯ ಸಾಲಿನಲ್ಲಿ ಕೆಳಗೇ ಹೋಗುತ್ತೇನೆ. ನೀನು ಬಾಗಿಲ ಹೊರಗೆ ಕೂರಬೇಡ, ಒಳಗೆ ಬಾ. ನಾನು ಹಾಡುತ್ತೇನೆ, ನೀನು ಅಳು.

ನಿನ್ನ
ಪುಟ್ಟಿ